ಹಂಡೆಗೆ ಹೇಳಿದ ಮಾತು

ನಮ್ಮ ಮಾವನವರು ತಮ್ಮ ಜೀವಮಾನದಲ್ಲಿ ನನ್ನ ಜೊತೆ ನೇರವಾಗಿ ಒಂದೇ ಒಂದು ಮಾತೂ ಆಡಲಿಲ್ಲ. ಬಚ್ಚಲಮನೆಯ ಹಂಡೆಯ ಜೊತೆ ಮಾತ್ರ ದಿನಕ್ಕೆ ಹತ್ತು ಸಲ ಮಾತಾಡುತ್ತಿದ್ದರು!

ಅಯ್ಯೋ, ಏನು ಜಗಳವೋ ಎಂದು ಹುಬ್ಬೇರಿಸಬೇಡಿ. ಜಗಳವೂ ಇರಲಿಲ್ಲ, ಮುನಿಸೂ ಇರಲಿಲ್ಲ. ನಾನು ದುರ್ಗಕ್ಕೆ ಸೊಸೆಯಾಗಿ ಬಂದ ಕಾಲದಲ್ಲಿ ಮಾವನಾದವನು ಸೊಸೆಯ ಎದುರು ನಿಂತು ಮಾತಾಡುವುದೆಂದರೆ ಮರ್ಯಾದೆಗೇಡು. ಹೇಳುವುದಿದ್ದರೆ ಅತ್ತೆಯ ಬಾಯಿಂದ ಹೇಳಿಸಬೇಕು. ನಮ್ಮತ್ತೆಯೋ, ನಾನು ಹೊಸಿಲು ದಾಟಿ ಬರುವ ಮುಂಚೆಯೇ ಶಿವನ ಪಾದ ಸೇರಿದ್ದರು. ನಾದಿನಿಯರಿಲ್ಲ, ಓರಗಿತ್ತಿಯರಿಲ್ಲ. ಮನೆಯಲ್ಲಿ ಇದ್ದವರು ಮೂರೇ ಜನ: ಮಾವನವರು, ಅವರ ಒಬ್ಬನೇ ಮಗನಾದ ನನ್ನ ಯಜಮಾನರು, ನಾನು. ಯಜಮಾನರು ಬೆಳಿಗ್ಗೆ ಜವಳಿ ಅಂಗಡಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬರುವವರು. ಹಗಲೆಲ್ಲ ಮಾತು ದಾಟಿಸುವವರು ಯಾರು? ಹಂಡೆ!

ಆ ಹಂಡೆಯ ಬಗ್ಗೆ ಸ್ವಲ್ಪ ಹೇಳಬೇಕು. ಇಪ್ಪತ್ತು ಕೊಡ ನೀರು ಹಿಡಿಯುವ ತಾಮ್ರದ ಹಂಡೆ. ನಮ್ಮತ್ತೆ ಮದುವೆಯಾಗಿ ಬಂದಾಗ ತವರಿನವರು ಗಾಡಿಯಲ್ಲಿ ಹೇರಿ ಕಳಿಸಿದ್ದು. ತವರಿನ ಪಾತ್ರೆಯ ಮೇಲೆ ಹೆಸರು ಕೊರೆಸುವುದು ಪದ್ಧತಿ ತಾನೇ? ಅದರ ಕೊರಳಿನ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಮಗಳು ಶಾಂತವ್ವಗೆ ತವರಿನಿಂದ’ ಎಂದು ಕೊರೆದಿತ್ತು. ನನಗೆ ಓದು ಬರುತ್ತಿರಲಿಲ್ಲ, ಯಜಮಾನರು ಓದಿ ಹೇಳಿದ್ದರು. ನಾನು ತಂದದ್ದು ಒಂದು ಹಿತ್ತಾಳೆ ತಂಬಿಗೆ. ಅದರ ಮೇಲೆ ಹೆಸರಿರಲಿಲ್ಲ. ತುರುವನೂರಿನಲ್ಲಿ ನನ್ನ ಅಪ್ಪ ಅವ್ವ ಇಬ್ಬರೂ ಪ್ಲೇಗಿನಲ್ಲಿ ಒಂದೇ ವಾರದೊಳಗೆ ಹೋದರು. ಸಾಕಿದ ಚಿಕ್ಕಪ್ಪ ಧಾರೆ ಎರೆದು ಕೊಟ್ಟು ಕೈ ತೊಳೆದುಕೊಂಡರು. ಹೆಸರು ಕೊರೆಸುವಷ್ಟು ಪುರುಸೊತ್ತು ಅವರಿಗೆಲ್ಲಿಂದ ಬರಬೇಕು!

ಹಂಡೆ ಕೂತಿದ್ದು ಬಚ್ಚಲಮನೆಯ ಒಳಗೆ. ಅದರ ಒಲೆಯ ಬಾಯಿ ಇದ್ದದ್ದು ಗೋಡೆಯಾಚೆ, ಹಿತ್ತಲಲ್ಲಿ. ಮಾವನವರು ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಉರಿ ಹಾಕುತ್ತ ಒಲೆಯ ಬಾಯಿಗೆ ಮಾತಾಡುವರು. ಆ ದನಿ ಕೊಳವೆಯಲ್ಲಿ ಊದಿದ ಹಾಗೆ ಗೋಡೆ ದಾಟಿ ಒಳಗೆ ಬರುವುದು.

“ಏನವ್ವಾ, ನೀರು ಕಾದವಾ?”

ನಾನು ಒಳಗೆ ನಿಂತು, ತಂಬಿಗೆಯಿಂದ ಹಂಡೆಗೆ ಒಂದು ಸಲ ಬಡಿದರೆ ‘ಹೂಂ’. ಎರಡು ಸಲ ಬಡಿದರೆ ‘ಉಹೂಂ’. ಈ ಏರ್ಪಾಡನ್ನು ಯಾರೂ ಕೂತು ಮಾಡಲಿಲ್ಲ, ಬಂದ ಮೊದಲ ತಿಂಗಳಲ್ಲಿ ತಾನಾಗಿಯೇ ಆಯಿತು. ಆಮೇಲೆ ಸಂಸಾರವೆಲ್ಲ ಅದರ ಮೇಲೆಯೇ ನಡೆಯಿತು ಅನ್ನಿ. “ಏನವ್ವಾ, ಇವತ್ತಿನ ಸಾರಿಗೆ ಉಪ್ಪು ಒಂದು ಕೈ ಮುಂದಾಗಿತ್ತಲ್ಲ?” ಠಣ್. “ಸಂತೆಯಿಂದ ಬದನೆಕಾಯಿ ತರ್ಲೇನು?” ಠಣ್, ಠಣ್. “ಹಂಗಾದ್ರೆ ಹೀರೆಕಾಯಿ?” ಠಣ್!

ಒಮ್ಮೆ ಹೊಳಲ್ಕೆರೆಯಿಂದ ಬಂದ ನೆಂಟರೊಬ್ಬರು ಬೆಳಿಗ್ಗೆ ಹಿತ್ತಲಿಗೆ ಹೋದವರು ಇದನ್ನು ನೋಡಿ ಕಲ್ಲಾಗಿ ನಿಂತುಬಿಟ್ಟರು. ಇಷ್ಟೆತ್ತರದ ಆಳು, ಹಣೆ ತುಂಬ ವಿಭೂತಿ, ಒಲೆಯೊಳಕ್ಕೆ ಮೂತಿ ಇಟ್ಟು, “ಏನವ್ವಾ, ನೆಂಟರು ಇವತ್ತೂ ಇರ್ತಾರಂತೆ, ಹಿಟ್ಟು ಐತಾ?” ಎಂದು ಕೇಳುತ್ತಿದ್ದಾರೆ!

“ಅಲ್ರಿ ಬೀಗ್ರೇ, ಯಾರ ಜೊತೆ ಮಾತು?” ಎಂದು ನೆಂಟರು ಮೆಲ್ಲಗೆ ಕೇಳಿದರು.

“ಹಂಡೆ ಜೊತೆ,” ಎಂದರು ಮಾವನವರು, ತಲೆಯನ್ನೂ ಎತ್ತದೆ.

“ಏನಂತೈತೆ?”

ಅಷ್ಟರಲ್ಲಿ ಒಳಗಿನಿಂದ ಠಣ್, ಠಣ್.

“ಇಲ್ಲ ಅಂತೈತೆ,” ಎಂದರು ಮಾವನವರು. ನೆಂಟರು ಊಟಕ್ಕೂ ನಿಲ್ಲದೆ ಗಾಡಿ ಕಟ್ಟಿಸಿದರು. ಪಾಪ, ಹಿಟ್ಟಿಲ್ಲವೆಂದು ಹೋದರೋ ಹೆದರಿ ಹೋದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಾತಿಗಾಗಿ ಮಾತ್ರ ಹಂಡೆಯನ್ನು ಇಟ್ಟುಕೊಂಡಿದ್ದರು ಎಂದುಕೊಂಡೀರಿ! ಅದರ ಸೇವೆಯನ್ನು ನೋಡಿದ್ದರೆ ಮಠದ ಸ್ವಾಮಿಗಳಿಗೂ ಹೊಟ್ಟೆಕಿಚ್ಚಾಗಬೇಕು. ಜೋಗಿಮಟ್ಟಿ ಕಡೆಯಿಂದ ಸೌದೆ ಹೊರೆ ತರುವ ಹೆಂಗಸರು ನಮ್ಮ ಬಾಗಿಲಿಗೆ ಬಂದರೆ ಮಾವನವರು ಹೆಣ್ಣು ನೋಡಲು ಬಂದ ಹಾಗೆ ಒಂದೊಂದು ಕಟ್ಟಿಗೆಯನ್ನೂ ತಿರುವಿ ನೋಡುವರು, ಬೆರಳಲ್ಲಿ ತಟ್ಟುವರು, ಮೂಸುವರು. ಹತ್ತಿಸುವುದಕ್ಕೆ ಹತ್ತಿಕಡ್ಡಿ, ಏರಿಸುವುದಕ್ಕೆ ಜಾಲಿ, ಕಾದದ್ದನ್ನು ಕಾಯ್ದುಕೊಳ್ಳುವುದಕ್ಕೆ ಹುಣಸೆ. ಇದರಲ್ಲಿ ಹೆಚ್ಚುಕಡಿಮೆ ಮಾಡುವ ಅಧಿಕಾರ ಮನೆಯಲ್ಲಿ ಯಾರಿಗೂ ಇಲ್ಲ. ಒಂದು ದಿನ ಯಜಮಾನರು ಅವಸರಕ್ಕೆ ಹುಣಸೆ ತುಂಡಿನಿಂದಲೇ ಹತ್ತಿಸಲು ಹೋಗಿ, ಮೂವತ್ತು ವರ್ಷದ ಗಂಡಸು, ಅಪ್ಪನ ಕೈಯಲ್ಲಿ ಊದುಗೊಳವೆಯ ಏಟು ತಿಂದರು! ಹಂಡೆಯ ತಳಕ್ಕೆ ವಾರಕ್ಕೊಮ್ಮೆ ಕೆಮ್ಮಣ್ಣಿನ ಲೇಪ, ಮೈಗೆ ಹುಣಸೆಹಣ್ಣಿನ ಉಜ್ಜುವಿಕೆ. ಆಗಾಗ ಹಂಡೆಗೆ ಕಿವಿ ಇಟ್ಟು, ನೀರಿನ ಸದ್ದು ಕೇಳಿ, “ಇನ್ನೂ ನಿದ್ದೆಗಣ್ಣಾಗೈತೆ,” “ಈಗ ಮೈ ಮುರೀತೈತೆ” ಎಂದು ವರದಿ ಒಪ್ಪಿಸುವರು. ಅವರು ಹೇಳಿದ ಹದಕ್ಕೆ ಕೈ ಅದ್ದಿದರೆ ಕೂದಲೆಳೆಯಷ್ಟೂ ತಪ್ಪಿರುತ್ತಿರಲಿಲ್ಲ. ಅದನ್ನು ಮಾತ್ರ ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಹೊಗೆಗೂ ಒಂದು ಉಪಾಯ ಮಾಡಿದ್ದರು. ಬುಡ ಒಡೆದ ಮಡಕೆಗಳನ್ನು ಒಂದರ ಮೇಲೊಂದು ಪೇರಿಸಿ, ಮಣ್ಣು ಮೆತ್ತಿ, ಹೊಗೆ ಹೋಗಲು ಗೂಡು ಕಟ್ಟಿದರು. ನಮ್ಮ ಮನೆಯ ಹೊಗೆ ಅಲ್ಲಿಗೆ ತೀರಿತು. ಅದೆಲ್ಲ ಹೋಗಿ ಸೇರಿದ್ದು ಪಕ್ಕದ ಮನೆಯ ಸೂಲಗಿತ್ತಿ ದೊಡ್ಡಮ್ಮನ ಅಡುಗೆಮನೆಗೆ. ಆಕೆ ಬೀದಿಯಲ್ಲಿ ಅರ್ಧದಷ್ಟು ಜನರನ್ನು ಭೂಮಿಗೆ ಇಳಿಸಿದಾಕೆ, ಯಾರಿಗೆ ಹೆದರುತ್ತಾಳೆ?

“ಏನಪ್ಪಾ, ನಿನ್ನ ಹಂಡೆ ನಿಮ್ಮನೆಯಾಗೆ ಕಾಯ್ತೈತೆ, ಕಣ್ಣೀರು ನಮ್ಮನೆಯಾಗೆ ಸುರೀತವೆ!”

“ನಾಳೆ ಇನ್ನೊಂದು ಮಡಕೆ ಏರಿಸ್ತೀನಿ ಬಿಡಕ್ಕಾ.”

ಏರಿಸಿದರು. ಹೊಗೆ ಆಕೆಯ ಅಡುಗೆಮನೆಯನ್ನು ಬಿಟ್ಟು ಮಾಳಿಗೆಯ ಮೇಲೆ ಹೋಯಿತು. ಅಲ್ಲಿ ಆಕೆ ಒಣಹಾಕಿದ್ದ ಹಪ್ಪಳಗಳೆಲ್ಲ ಕಪ್ಪಗಾದವು. ಆ ವರ್ಷ ಅವರ ಮನೆಯಲ್ಲಿ ಕರಿ ಹಪ್ಪಳ, ನಮಗೆ ಬೈಗುಳ.

ಹಂಡೆ ಎಲ್ಲಾದರೂ ಜಿನುಗಿದರೆ ಕಂಚುಗಾರನ ಮನೆಗೆ ಹೋಗುವ ಮಾತೇ ಇಲ್ಲ. “ಅವ್ನ ಕೈಗೆ ಕೊಟ್ರೆ ಒಂದು ತೂತು ಮುಚ್ಚಿ ಎರಡು ಮಾಡ್ತಾನೆ” ಎಂಬ ಸಿದ್ಧಾಂತ. ತಾವೇ ಬೆಲ್ಲ, ಸುಣ್ಣ ಸೇರಿಸಿ ಕುಟ್ಟಿ, ಹಳೇ ಬಟ್ಟೆಗೆ ಮೆತ್ತಿ ತೇಪೆ ಹಾಕುವರು. ಕಲ್ಲಿನ ಹಾಗೆ ಹಿಡಿಯುತ್ತಿತ್ತು, ಸುಳ್ಳಲ್ಲ. ಆದರೆ ಒಂದು ಸಲ ಬೆಲ್ಲದ ಪಾಲು ಜಾಸ್ತಿಯಾಗಿ, ಊರಿನ ಇರುವೆಗಳೆಲ್ಲ ಹಂಡೆಯ ದರ್ಶನಕ್ಕೆ ಸಾಲುಗಟ್ಟಿದವು. ಯಜಮಾನರು ಸ್ನಾನದ ಮಧ್ಯೆ ಕುಣಿಯುತ್ತ ಹೊರಗೆ ಬಂದು, “ಅಪ್ಪಾ, ಇರುವೆ!” ಎಂದು ಕೂಗಿದರೆ, ಹಿತ್ತಲಿಂದ ಉತ್ತರ ಬಂತು: “ಇರ್ಲಿ ಬಿಡೋ, ಅವಕ್ಕೂ ಚಳಿ ಆಗಲ್ವೇನು?”

ಹೀಗೆ ನಗುನಗುತ್ತ ನಡೆಯುತ್ತಿದ್ದಾಗ ನಾನು ಬಸುರಿಯಾದೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಏಳು ತುಂಬಿತು, ತುರುವನೂರಿನಿಂದ ಕರೆಯಲು ಯಾರೂ ಬರಲಿಲ್ಲ. ನೀರು ಸೇದುವಲ್ಲಿ ಹೆಂಗಸರು ನನ್ನ ಹೊಟ್ಟೆಯನ್ನೂ ದಾರಿಯನ್ನೂ ನೋಡಿ ಪಿಸುಗುಟ್ಟುವುದು ಕೇಳಿಸುತ್ತಿತ್ತು. ಬಾಣಂತನ ಮಾಡಲು ಅತ್ತೆಯಿಲ್ಲ, ಹೋಗಲು ತವರಿಲ್ಲ. ಒಂದು ಮಧ್ಯಾಹ್ನ ಬಚ್ಚಲಮನೆಯಲ್ಲಿ ಬೆಚ್ಚಗಿನ ಹಂಡೆಗೆ ಹಣೆ ಹಚ್ಚಿ ಚೆನ್ನಾಗಿ ಅತ್ತುಬಿಟ್ಟೆ. ಗೋಡೆಯಾಚೆ ಯಾರೂ ಇಲ್ಲವೆಂದೇ ತಿಳಿದಿದ್ದೆ.

ಮರುದಿನ ಬೆಳಿಗ್ಗೆ ಒಲೆಯ ಬಾಯಿಂದ ಎಂದಿನ ದನಿ ಬಂತು.

“ನೋಡವ್ವಾ, ಇನ್ನು ಎರಡು ತಿಂಗ್ಳಿಗೆ ನಿನಗೆ ಭಾರಿ ಕೆಲ್ಸ ಐತೆ. ಬಾಣಂತಿ ನೀರು ಅಂದ್ರೆ ಹುಡುಗಾಟ ಅಲ್ಲ. ಹೊತ್ತಿಗೆ ಹದಿನೈದು ಕೊಡ, ಮೂರು ತಿಂಗ್ಳು. ಎಲ್ಲಿಗೂ ಹೋಗೋದು ಬ್ಯಾಡ. ಇಲ್ಲೇ ಆಗ್ಲಿ. ಆಗಬೌದಾ?”

ತಂಬಿಗೆ ತೆಗೆದುಕೊಂಡೆ. ಒಂದೇ ಸಲ ಬಡಿದೆ.

ಅಲ್ಲಿಗೆ ಸುಮ್ಮನಿದ್ದರೆ ಅವರು ನಮ್ಮ ಮಾವನವರೇ ಅಲ್ಲ. ಬಾಣಂತಿಯ ನೀರಿಗೆ ಹಂಡೆ ಒಳಗೂ ಹೊರಗೂ ಚೊಕ್ಕಟವಾಗಬೇಕು ಎಂದು ತಲೆಗೆ ಹೊಕ್ಕಿತು. ದುರ್ಗದ ಬಾವಿಯ ನೀರು ನಿಮಗೆ ಗೊತ್ತಲ್ಲ, ಬೇಳೆ ಬೇಯುವುದಿಲ್ಲ. ವರ್ಷಗಟ್ಟಲೆ ಆ ಗಡಸು ನೀರು ಕಾದು ಕಾದು ಹಂಡೆಯ ಒಳಗೆ ಬೆರಳು ದಪ್ಪ ಸುಣ್ಣದ ಪೊರೆ ಕಟ್ಟಿತ್ತು. ಉಳಿ, ಕೊಡತಿ ಹಿಡಿದು ಮಾವನವರು ಅದನ್ನು ಕೆರೆಯಲು ಕೂತರು. ಒಂದು ದಿನ, ಎರಡು ದಿನ. ಮೂರನೆಯ ದಿನ ತಳದ ಪೊರೆ ಕೈಗೆ ಎಟಕುವುದಿಲ್ಲವೆಂದು ತಲೆ ಮತ್ತು ಒಂದು ಹೆಗಲನ್ನು ಹಂಡೆಯ ಬಾಯಿಯೊಳಗೆ ತೂರಿಸಿದರು. ಹೋಗುವಾಗ ಹೋಯಿತು, ಬರುವಾಗ ಬರಲಿಲ್ಲ!

ಅಡುಗೆಮನೆಯಲ್ಲಿದ್ದ ನನಗೆ ಗವಿಯೊಳಗಿನಿಂದ ಬಂದಂತೆ ದನಿ ಕೇಳಿಸಿತು: “ಏನವ್ವಾ… ಯಾರಾದ್ರೂ ಅದಾರಾ ಅಲ್ಲಿ?”

ಓಡಿ ಹೋಗಿ ನೋಡಿದೆ. ಹೊರಗೆ ಕಂಡದ್ದು ಎರಡು ಕಾಲು, ಒಂದು ಕೈ. ಮುಖ ಹಂಡೆಯೊಳಗಿದ್ದುದರಿಂದ ನಾನು ಎದುರು ನಿಂತರೂ ಮರ್ಯಾದೆಗೆ ಭಂಗವಿರಲಿಲ್ಲ. ಉತ್ತರ ಕೊಡಬೇಕಲ್ಲ? ಅಭ್ಯಾಸಬಲ! ತಂಬಿಗೆ ತೆಗೆದುಕೊಂಡು ಹಂಡೆಗೆ ಒಂದು ಸಲ ಬಲವಾಗಿ ಬಡಿದೆ. ಠಣ್!

“ಅಯ್ಯಯ್ಯಪ್ಪೋ!” ಎಂದು ಒಳಗಿನಿಂದ ಬಂದ ಕೂಗಿಗೆ ಪಕ್ಕದ ಮನೆಯ ದೊಡ್ಡಮ್ಮನೇ ಓಡಿ ಬಂದಳು. ಸೊಂಟಕ್ಕೆ ಕೈಯಿಟ್ಟು ಒಂದು ಗಳಿಗೆ ನೋಡಿದಳು. “ಕಾಲು ಮುಂದಾಗಿ ಬರೋ ಕೂಸು ಎಷ್ಟೋ ಕಂಡೀನಿ. ಮೀಸೆ ಇರೋ ಕೂಸು ಇದೇ ಮೊದ್ಲು!” ಎಂದವಳೇ ಹರಳೆಣ್ಣೆ ತರಿಸಿ, ಹೆಗಲಿಗೆ ಸುರಿದು, “ಮುಕ್ರಿಬ್ಯಾಡ, ಉಸಿರು ಬಿಡು” ಎಂದು ಗದರಿಸಿ ಎಳೆದು ತೆಗೆದಳು. ಎಂಟು ದಿನ ಮಾವನವರ ಕಿವಿಯಲ್ಲಿ ಗುಂಯ್ ಎನ್ನುವುದು ನಿಲ್ಲಲಿಲ್ಲ. ಆದರೆ ಹಂಡೆಯ ಒಳಗು ಕನ್ನಡಿಯಾಗಿತ್ತು. ಒಂದು ಪುಟ್ಟಿ ತುಂಬ ಸುಣ್ಣದ ಚಕ್ಕೆಗಳನ್ನು ಜಗಲಿಯ ಮೇಲಿಟ್ಟು, ಹೋಗಿ ಬರುವವರಿಗೆಲ್ಲ ತೋರಿಸಿದರು.

ಆಮೇಲೆ ನೀರು ತುಂಬಿದರು. ಹನ್ನೊಂದು ಕಡೆ ಸೋರಿತು.

ಅರ್ಥವಾಯಿತಲ್ಲ? ತಳದ ತಾಮ್ರ ಎಂದೋ ಸವೆದುಹೋಗಿತ್ತು. ಇಷ್ಟು ವರ್ಷ ನೀರನ್ನು ಹಿಡಿದು ನಿಲ್ಲಿಸಿದ್ದದ್ದು ಆ ಸುಣ್ಣದ ಪೊರೆ. ಅದನ್ನೇ ಕೆರೆದು ಪುಟ್ಟಿಗೆ ತುಂಬಿದ್ದರು! ಕೊನೆಗೆ ಕರೆಸಲೇಬೇಕಾಗಿ ಬಂದ ಕಂಚುಗಾರ ತಳವನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದ:

“ಸಾವ್ಕಾರ್ರೇ, ಇದ್ರಾಗೆ ತಾಮ್ರ ಎಲ್ಲೈತ್ರಿ? ಇಷ್ಟು ದಿನ ನೀವು ಸುಣ್ಣದ ಹಂಡೆಯಾಗೆ ನೀರು ಕಾಸ್ಕಂಡೀರಿ. ಹೊಸದು ತಗಳ್ರಿ.”

“ಹೊಸದಾ?” ಎಂದರು ಮಾವನವರು. ಕೊರಳಿನ ಮೇಲಿದ್ದ ಅತ್ತೆಯ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದರು. “ಇದೇ ಆಗ್ಬೇಕು. ತಳ ಕತ್ತರಿಸಿ ಬ್ಯಾರೆ ತಳ ಹಾಕು. ಬಾಣಂತಿ ಮನೆ. ಬ್ಯಾಗ ಆಗ್ಲಿ.”

ಹಂಡೆ ಕಂಚುಗಾರನ ಮನೆಗೆ ಹೋಯಿತು. ಅದರ ಹಿಂದೆಯೇ ಮಾವನವರೂ ಹೋದರು. ಬೆಳಿಗ್ಗೆ ಹೋದರೆ ಸಂಜೆಗೇ ವಾಪಸು. “ನೀವು ಹಿಂಗೆ ಕುಂತು ನೋಡ್ತಿದ್ರೆ ನನ್ನ ಕುಲುಮೆ ಬೆಂಕಿಗೂ ನಾಚ್ಕೆ ಆಗ್ತೈತ್ರಿ” ಎಂದು ಆತ ಅಂಗಲಾಚಿದನಂತೆ. ಏಳಲಿಲ್ಲ. ಇತ್ತ ಮನೆಯಲ್ಲಿ ನಮ್ಮ ಮಾತುಕತೆಯೇ ನಿಂತುಹೋಯಿತು! ಸಂಜೆ ಬಂದು ಖಾಲಿ ಒಲೆಯ ಮುಂದೆ ಕೂತು, “ಏನವ್ವಾ…” ಎಂದು ಶುರು ಮಾಡಿ ಸುಮ್ಮನಾಗುವರು. ನಾನು ಒಳಗೆ ತಂಬಿಗೆ ಹಿಡಿದು ನಿಂತಿರುವೆ. ಬಡಿಯುವುದು ಯಾತಕ್ಕೆ? ಮಣ್ಣಿನ ಗೋಡೆಗೆ ಬಡಿದರೆ ಸದ್ದು ಬರುತ್ತದೆಯೇ? ಅಷ್ಟು ವರ್ಷದಲ್ಲಿ ನಾವಿಬ್ಬರೂ ಎಷ್ಟು ಮಾತಾಡಿದ್ದೆವೆಂದು ನನಗೆ ಗೊತ್ತಾದದ್ದು ಆ ದಿನಗಳಲ್ಲಿ.

ಹೊಟ್ಟೆಯಲ್ಲಿದ್ದ ಕೂಸಿಗೆ ಇದೆಲ್ಲ ತಿಳಿಯುವುದೆಲ್ಲಿ! ದೊಡ್ಡಮ್ಮ ಹೇಳಿದ್ದಕ್ಕಿಂತ ಹದಿನೈದು ದಿನ ಮೊದಲೇ, ಒಂದು ಬೆಳಿಗ್ಗೆ ನನಗೆ ಬೇನೆ ಶುರುವಾಯಿತು. ದೊಡ್ಡಮ್ಮ ಸೆರಗು ಕಟ್ಟಿ ಬಂದು, ಬಚ್ಚಲಮನೆಯಲ್ಲಿ ಖಾಲಿ ಒಲೆ ನೋಡಿ ಹಣೆ ಹಣೆ ಚಚ್ಚಿಕೊಂಡಳು. “ಅಡಿಗೆ ಪಾತ್ರೆ ನೀರು ಕೂಸಿಗೆ ಸಾಲ್ತೈತೆ, ತಾಯಿಗೆ ಸಾಲ್ತೈತೇನ್ರಿ? ಓಡ್ರಿ, ಓಡ್ರಿ!” ಎಂದು ನನ್ನ ಯಜಮಾನರನ್ನು ಬೀದಿಗೆ ಅಟ್ಟಿದಳು.

ಆಮೇಲಿನದು ಯಜಮಾನರು ಹೇಳಿ ನಾನು ಕೇಳಿದ್ದು. ಸುದ್ದಿ ಮುಟ್ಟಿದಾಗ ಕಂಚುಗಾರ ಹೊಸ ತಳವನ್ನು ಹಲ್ಲಿಗೆ ಹಲ್ಲು ಕೂಡಿಸಿ ಬೆಸುಗೆ ಮುಗಿಸಿದ್ದನಂತೆ, ಹಂಡೆ ಇನ್ನೂ ಆರಿರಲಿಲ್ಲವಂತೆ. ಮಾವನವರು ಹೆಗಲ ವಸ್ತ್ರವನ್ನು ಒದ್ದೆ ಮಾಡಿ ಹಂಡೆಯ ಕೊರಳಿಗೆ ಸುತ್ತಿ, ಬಿದಿರು ಗಳ ತೂರಿಸಿ, ಒಂದು ತುದಿಗೆ ತಾವು, ಇನ್ನೊಂದು ತುದಿಗೆ ಕಂಚುಗಾರ ಹೆಗಲು ಕೊಟ್ಟು ಪೇಟೆಯ ನಡುವೆ ಓಡಿದರಂತೆ. ಅರವತ್ತು ದಾಟಿದ ಸಾವ್ಕಾರ್ರು, ರುಮಾಲು ಬಿಚ್ಚಿಹೋಗಿದೆ, ಬರಿಗಾಲು! “ಎಲ್ಲಿಗ್ರಿ?” ಎಂದವರಿಗೆಲ್ಲ ಒಂದೇ ಉತ್ತರ: “ದಾರಿ ಬಿಡ್ರಿ, ಹೆರಿಗೆ ಐತೆ!” ಹೆರಿಗೆ ಹಂಡೆಗೋ ಸಾವ್ಕಾರ್ರಿಗೋ ಎಂದು ಪೇಟೆಯವರು ಒಂದು ತಿಂಗಳು ತರ್ಕ ಮಾಡಿದರು.

ಒಲೆಯ ಮೇಲೆ ಕೂರಿಸಿ, ಸುತ್ತ ಹಸಿ ಮಣ್ಣು ಮೆತ್ತಿ, ಹಿಡಿದಷ್ಟು ನೀರು ತುಂಬಿ, ಬೆಂಕಿ ಹಾಕಿದರು. ಆಗ ಒಂದು ಸೋಜಿಗವಾಯಿತು. ಎಂದೂ ಇಲ್ಲದ ಹಾಗೆ, ಹಿಂದಿನ ಅರ್ಧ ಹೊತ್ತಿಗೇ ನೀರು ಸಳಸಳ ಕಾದವು! ಸುಣ್ಣದ ಪೊರೆ ಹೋಗಿತ್ತು, ಹೊಸ ತಳ, ಉರಿ ನೇರವಾಗಿ ತಾಗಿತ್ತು. ಅವರ ಹುಚ್ಚೇ ಅವತ್ತು ನನ್ನನ್ನು ಕಾಯಿತು. ದೊಡ್ಡಮ್ಮ ಕೂಗಿದ ಹೊತ್ತಿಗೆ ಸರಿಯಾಗಿ ಬಿಸಿನೀರಿತ್ತು.

ಹೆಣ್ಣು ಕೂಸು. ನಾನು ಕಣ್ಣು ಬಿಡಲಾರದಷ್ಟು ಸುಸ್ತಾಗಿ ಮಲಗಿದ್ದೆ. ಗೋಡೆಯಾಚೆಯಿಂದ ಮಾವನವರ ದನಿ ಬಂತು, ಎಂದೂ ಕೇಳದಷ್ಟು ಸಣ್ಣಗೆ.

“ಏನವ್ವಾ… ಕ್ಷೇಮವಾ?”

ಕೂಸಿನ ಅಳು ಅವರಿಗೆ ಕೇಳಿಸಿತ್ತು. ಕೇಳಿದ್ದು ಕೂಸಿನ ವಿಚಾರ ಅಲ್ಲ. ನಾನು ದೊಡ್ಡಮ್ಮನ ಸೆರಗು ಹಿಡಿದೆ. “ದೊಡ್ಡಮ್ಮಾ, ಹೋಗಿ ನನ್ನ ತಂಬಿಗೆ ತಗಂಡು ಹಂಡೆಗೆ ಒಂದು ಸಲ ಬಡೀರಿ. ಒಂದೇ ಸಲ.”

“ಜ್ವರ ನೆತ್ತಿಗೇರೈತೇನೇ?” ಎಂದು ಗೊಣಗುತ್ತಲೇ ಹೋಗಿ ಬಡಿದಳು. ಠಣ್. ಹಿತ್ತಲಲ್ಲಿ ಯಾರೋ ದೊಪ್ಪನೆ ನೆಲಕ್ಕೆ ಕೂತ ಸದ್ದಾಯಿತು. ಆಮೇಲೆ ಮೂಗು ಸೀಟಿದ ಸದ್ದು.

ಮೂರು ತಿಂಗಳು ಎರಡು ಹೊತ್ತೂ ಹದಿನೈದು ಕೊಡ ನೀರು ಕಾಸಿದರು. ಯಾವ ತವರಿನಲ್ಲಿ ಯಾವ ಬಾಣಂತಿಗೆ ಅಷ್ಟು ಹದವಾದ ನೀರು ಬಿದ್ದಿದೆಯೋ ನಾನರಿಯೆ. ಹಂಡೆಯ ಕೊರಳಿನ ಮೇಲೆ, ಅತ್ತೆಯ ಹೆಸರಿನ ಆಚೆ ಬದಿಗೆ, ಹೊಸದಾಗಿ ಒಂದು ಸಾಲು ಚುಕ್ಕಿ ಬಂದಿತ್ತು. ಕಂಚುಗಾರ ಹಾಕಿದ ಗುರುತಿರಬೇಕು ಎಂದುಕೊಂಡೆ. ದಿನಾ ಅದರ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕಿದೆ. ಏಳು ವರ್ಷ ತಿಕ್ಕಿದೆ.

ಮಗಳು ಹೆಣ್ಣುಮಕ್ಕಳ ಶಾಲೆಗೆ ಹೋಗತೊಡಗಿದಳು. ಅಕ್ಷರ ಕಲಿತ ಹೊಸತು ನೋಡಿ, ಕಂಡದ್ದನ್ನೆಲ್ಲ ಓದುವಳು. ಒಂದು ದಿನ ಎರೆದುಕೊಳ್ಳಲು ಕೂತವಳು ಹಂಡೆಯ ಮೇಲೆ ಬೆರಳಿಟ್ಟು, “ಅವ್ವಾ, ಇಲ್ಲಿ ನಿನ್ನ ಹೆಸರೈತೆ” ಎಂದಳು.

“ಅದು ನಿಮ್ಮಜ್ಜಿ ಹೆಸರು ಕಣೇ. ತಲೆ ಬಗ್ಗಿಸು.”

“ಅಜ್ಜಿದು ಆ ಕಡೆ. ಇದು ಬ್ಯಾರೆ.” ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು: “ಮಗಳು… ಗೌರವ್ವಗೆ… ತವರಿನಿಂದ.”

ನನ್ನ ಕೈಯಲ್ಲಿದ್ದ ಸೀಗೆಪುಡಿ ಕೈಯಲ್ಲೇ ಉಳಿಯಿತು. ಓಡಿ ಹೋಗಿ ಯಜಮಾನರನ್ನು ಕೇಳಿದೆ, “ನಿಮಗೆ ಗೊತ್ತಿತ್ತಾ?” “ಗೊತ್ತಿತ್ತು. ಅಪ್ಪ ಹೇಳಬ್ಯಾಡ ಅಂದಿದ್ದ. ಹಂಡೆ ಮ್ಯಾಲೆ ಬರೆಸಿದ್ದನ್ನ ಹಂಡೆಯೇ ಹೇಳ್ಬೇಕಂತೆ,” ಎಂದರು. ಏಳು ವರ್ಷ ತವರಿಲ್ಲದವಳೆಂದು ನಾನು ಕೊರಗಿದೆನಲ್ಲ, ನನ್ನ ತವರು ದಿನಾ ಹಿತ್ತಲಲ್ಲಿ ಕೂತು ನನಗೆ ನೀರು ಕಾಸುತ್ತಿತ್ತು! ಅವತ್ತು ಸಂಜೆಯೇ ಮಗಳ ಬಳಪ ಹಿಡಿದು ಕೂತೆ. ಈಗ ಇದನ್ನು ಬರೆಯುತ್ತಿರುವ ಅಕ್ಷರಗಳೆಲ್ಲ ಆ ಹಂಡೆಯಿಂದ ಬಂದವು.

ಮರುದಿನ ಬೆಳಿಗ್ಗೆ ಮಾವನವರು ಉರಿ ಹಾಕಿ ಮುಗಿಸಿ, ಒಲೆಯ ಬಾಯಿಗೆ ಕೇಳಿದರು, “ಏನವ್ವಾ, ನೀರು ಕಾದವಾ?”

ನಾನು ತಂಬಿಗೆಯನ್ನು ಮುಟ್ಟಲಿಲ್ಲ. ಮದುವೆಯಾಗಿ ಬಂದಂದಿನಿಂದ ಅವರಿಗೆ ಕೇಳಿಸುವ ಹಾಗೆ ಎತ್ತದ ದನಿಯನ್ನು ಎತ್ತಿ, “ಅಪ್ಪಾ, ನೀರು ಕಾದವೆ. ಬರ್ರಿ,” ಎಂದೆ.

ತಪ್ಪು ಮಾಡಿದೆನೇನೋ ಎಂದುಕೊಂಡೆ. ಹಿತ್ತಲಲ್ಲಿ ಮೆಲ್ಲಗೆ ಹೆಜ್ಜೆ ಸದ್ದಾಯಿತು. ನಾನು ಸೆರಗು ಎಳೆದುಕೊಂಡು ಅಡುಗೆಮನೆಯ ಬಾಗಿಲ ಮರೆಗೆ ಸರಿದೆ. ಮಾವನವರು ಬಚ್ಚಲಮನೆಗೆ ಬಂದರು, ನನ್ನ ತಂಬಿಗೆಯನ್ನು ಕೈಗೆ ತೆಗೆದುಕೊಂಡರು, ಹಂಡೆಯ ಮುಂದೆ ನಿಂತರು.

ಠಣ್.

ಒಂದೇ ಸಲ.